ನಾಲ್ಕು ಕೈ ಕೆಲಸ

ಭಾಮೈದ ಗಾಳದ ಕೋಲಿನ ಬುಡವನ್ನು ತೊಡೆಗಳ ನಡುವೆ ಇರುಕಿಕೊಂಡು, ಮೇಲಿನ ತುಂಡನ್ನು ಎರಡೂ ಕೈಯಲ್ಲಿ ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚತೊಡಗಿದ್ದ. ಅವನ ಕುತ್ತಿಗೆಯ ನರಗಳು ಉಬ್ಬಿದ್ದವು.

"ತಿರುಚಬೇಡವೋ," ಎಂದರು ಟಿಕೆಟಯ್ಯ. ಬೆಳಗಿನಿಂದ ಈ ಮಾತನ್ನು ಅವರು ಎಷ್ಟು ಜನಕ್ಕೆ ಹೇಳಿದ್ದರೋ. "ನೇರ ಎಳೀಬೇಕು. ತಿರುಚಿದರೆ ಸೀಳಿಬಿಡುತ್ತೆ."

"ನೇರ ಎಳೆದೆನಲ್ಲ ಭಾವ, ಬಂತಾ?"

"ಬರಲಿಲ್ಲ ಅಂತ ತಿರುಚೋದಾ?"

ಭಾಮೈದ ಕೋಲನ್ನು ಗೋಡೆಗೆ ಒರಗಿಸಿ ಅಂಗೈ ನೋಡಿಕೊಂಡ. ಕೆಂಪಗೆ ಬರೆ ಎದ್ದಿತ್ತು. ಅಕ್ಕ ಸತ್ತ ದುಃಖ ಒಂದು ಕಡೆ, ಭಾವನ ಈ ಹಟ ಒಂದು ಕಡೆ; ಎರಡನ್ನೂ ಒಟ್ಟಿಗೆ ಹೊರಲು ಅವನಿಗೆ ಆಗುತ್ತಿರಲಿಲ್ಲ. ನೀರು ಕುಡಿದು ಬರುತ್ತೇನೆಂದು ಒಳಗೆ ಹೋದ.

ಟಿಕೆಟಯ್ಯ ಎಂಬುದು ಬೀದಿಯ ಮಕ್ಕಳು ಇಟ್ಟ ಹೆಸರು. ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸದಲ್ಲೇ ಅವರ ಕೂದಲು ಬೆಳ್ಳಗಾಗಿತ್ತು. ನಿವೃತ್ತರಾದ ಮೇಲೂ ಎದುರಿಗೆ ಬಂದವರ ಕೈಯನ್ನು ಮೊದಲು ನೋಡಿ ಆಮೇಲೆ ಮುಖ ನೋಡುವ ಅಭ್ಯಾಸ ಹೋಗಿರಲಿಲ್ಲ. ಹೊರಗೆ ಬಲು ಬಿಗಿ ಮನುಷ್ಯ. ಮನೆಯಲ್ಲಿ ಅದಕ್ಕಿಂತ ಬಿಗಿ, ಎಂದು ಹೆಂಡತಿ ನಗುತ್ತಾ ಹೇಳುತ್ತಿದ್ದಳು.

ಆ ಹೆಂಡತಿ ಈಗ ನಡುಮನೆಯಲ್ಲಿ ಮಲಗಿದ್ದಳು. ಮೈಮೇಲೆ ಬಿಳಿಯ ದುಪ್ಪಟ್ಟಿ. ಸೆಕೆಯ ದಿನವಾದ್ದರಿಂದ ಎರಡೂ ಪಕ್ಕಕ್ಕೆ, ಕಾಲಿನ ಹತ್ತಿರ, ಐಸಿನ ಪೊಟ್ಟಣಗಳನ್ನು ಇಟ್ಟಿದ್ದರು. ಪಕ್ಕದಲ್ಲೇ ಮರದ ಪೆಟ್ಟಿಗೆ, ಬಾಯಿ ತೆರೆದುಕೊಂಡು. ಬಡಗಿ ಅವಳ ಅಳತೆಗೆ ಒಂದು ಗೇಣು ಸೇರಿಸಿ ಮಾಡಿದ್ದ. ಗಾಳದ ಕೋಲು ಮಾತ್ರ ಅವಳಿಗಿಂತ ಬಹಳ ಉದ್ದ. ಅದು ಎರಡು ತುಂಡಿನ ಕೋಲು. ಬಿಡಿಸಿದರೆ ಪೆಟ್ಟಿಗೆಯಲ್ಲಿ ಸುಖವಾಗಿ ಹಿಡಿಸುತ್ತಿತ್ತು. ಆದರೆ ತುಂಡುಗಳು ಸೇರುವಲ್ಲಿ ಇದ್ದ ಹಿತ್ತಾಳೆಯ ಕೊಳವೆ, ಒಳಗೆ ಹೋದ ತುದಿಯನ್ನು ಹಲ್ಲು ಕಚ್ಚಿದ ಹಾಗೆ ಕಚ್ಚಿಕೊಂಡುಬಿಟ್ಟಿತ್ತು.

"ನಾನು ಹೋಗುವಾಗ ಇದನ್ನೂ ಜೊತೆಗೆ ಕಳಿಸಿಬಿಡಿ. ನಿಮಗಂತೂ ಇದರಿಂದ ಉಪಯೋಗವಿಲ್ಲ," ಎಂದು ಆಸ್ಪತ್ರೆಯ ಮಂಚದ ಮೇಲೆ ಅವಳು ಹೇಳಿದ್ದಳು. ತಮಾಷೆಗೆ ಹೇಳಿದ್ದಳೋ ಏನೋ. ಟಿಕೆಟಯ್ಯ ಮಾತ್ರ ಆಯ್ತು ಎಂದಿದ್ದರು. ಬಹಳ ವರ್ಷಗಳಲ್ಲಿ ಅವಳು ಕೇಳಿದ ಒಂದಕ್ಕೆ ಅವರು ತಕ್ಷಣ ಒಪ್ಪಿದ್ದು ಅದೊಂದೇ. ಆ ಮಾತಿಗೂ ತಪ್ಪಿದರೆ ಕೇಳಲು ಅವಳು ಎದ್ದು ಬರುವುದಿಲ್ಲ, ಆದರೆ ತಮ್ಮ ಮುಖ ತಾವೇ ನೋಡಿಕೊಳ್ಳಲು ಇವರಿಗೆ ಆಗುವುದಿಲ್ಲ.

ಮಗಳು ಬಾಗಿಲಿಗೆ ಬಂದಳು. ಅತ್ತು ಅತ್ತು ಅವಳ ದನಿ ಒಡೆದಿತ್ತು.

"ಅಪ್ಪ, ಪೆಟ್ಟಿಗೆ ಮೇಲೆ ಇಟ್ಟರೆ ಆಗಲ್ವಾ?"

"ಗುಂಡಿ ತೋಡೋರು ಪೆಟ್ಟಿಗೆ ಅಳತೆಗೆ ತೋಡಿದ್ದಾರಂತೆ. ಅವರನ್ನೂ ಕೇಳಿಸಿದೆ."

"ಹಾಗಾದ್ರೆ ಬಿಟ್ಟುಬಿಡಿ. ಅಮ್ಮ ಹೋಗಿದ್ದಾಳೆ, ನಿಮಗೆ ಕೋಲಿನ ಚಿಂತೆ. ಒಳಗೆ ಬಂದು ಅವಳ ಹತ್ತಿರ ಒಂದು ಗಳಿಗೆ ಕೂರಬಾರದಾ?"

ಟಿಕೆಟಯ್ಯ ಕೋಲನ್ನು ಮತ್ತೆ ಕೈಗೆ ತೆಗೆದುಕೊಂಡರು.

*

ಹೆಂಡತಿ ಕೆಲಸ ಮಾಡುತ್ತಿದ್ದುದು ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ. ನೆಲಮಾಳಿಗೆಯ ಉದ್ದನೆಯ ಕೋಣೆ, ಹಬೆ, ಸೋಪಿನ ವಾಸನೆ, ಇಸ್ತ್ರಿಯ ಯಂತ್ರದಿಂದ ಸುಡುಸುಡು ಹೊರಬರುವ ಹಾಸಿಗೆ ದುಪ್ಪಟ್ಟಿಗಳು. ಮಡಿಸುವುದು ಅವಳ ಪಾಲಿನ ಕೆಲಸ. ಅಷ್ಟು ದೊಡ್ಡ ದುಪ್ಪಟ್ಟಿಯನ್ನು ಒಬ್ಬರೇ ಮಡಿಸಲಾಗದು. ಅವಳ ಎದುರಿಗೆ ನಿಂತು ಇನ್ನೆರಡು ಮೂಲೆ ಹಿಡಿಯುತ್ತಿದ್ದ ಹೆಂಗಸನ್ನು ಅವಳು 'ಜೋಡಿ' ಎಂದು ಕರೆಯುತ್ತಿದ್ದಳು. ಕೊನೆಗೆ ಆ ಹೆಂಗಸಿನ ನಿಜವಾದ ಹೆಸರು ಹೋಟೆಲಿನವರಿಗೂ ಮರೆತುಹೋಯಿತು.

ಅತಿಥಿಗಳು ಕೋಣೆಯಲ್ಲಿ ಮರೆತು ಹೋದ ಸಾಮಾನುಗಳನ್ನು ಒಂದು ಬೀರುವಿನಲ್ಲಿ ಇಡುತ್ತಿದ್ದರು. ವರ್ಷ ಕಳೆದರೂ ಯಾರೂ ಕೇಳಿಕೊಂಡು ಬರದಿದ್ದರೆ ಕೆಲಸದವರಿಗೆ ಹಂಚುತ್ತಿದ್ದರು. ಹಾಗೆ ಹಂಚಿದ ಒಂದು ದಿನ ಕೊಡೆ, ಬೂಟು, ಕೈಗಡಿಯಾರಗಳಿಗೆ ತಳ್ಳಾಟವೇ ನಡೆಯಿತಂತೆ. ಮೂಲೆಯಲ್ಲಿ ಚೀಲದೊಳಗಿದ್ದ ಗಾಳದ ಕೋಲು ಯಾರಿಗೂ ಬೇಕಾಗಿರಲಿಲ್ಲ. ಪಾಪ, ಅದೊಂದೇ ಉಳಿಯಿತಲ್ಲ ಎಂದು ಅವಳು ತಂದಳು. ಅವಳ ಬುದ್ಧಿಯೇ ಹಾಗೆ. ಮಾರುಕಟ್ಟೆಯಲ್ಲೂ ಯಾರೂ ಆರಿಸದ ಸೊಟ್ಟ ಬದನೆಕಾಯಿಯನ್ನು ಮೊದಲು ಚೀಲಕ್ಕೆ ಹಾಕುತ್ತಿದ್ದಳು.

"ಕೋಲು ಬಂತು. ಇನ್ನು ದೋಣಿ ಯಾವಾಗ?" ಎಂದು ಟಿಕೆಟಯ್ಯ ಪತ್ರಿಕೆಯ ಹಿಂದಿನಿಂದ ಕೇಳಿದ್ದರು.

ಮುಂದಿನ ಭಾನುವಾರವೇ ಅವಳು ಜೋಡಿಯನ್ನು ಕರೆದುಕೊಂಡು ಊರಾಚೆಯ ಕೆರೆಗೆ ಹೋದಳು. ವಾರವೆಲ್ಲ ಹಬೆಯಲ್ಲಿ ಬೆಂದ ಕೈಗೆ ತಣ್ಣನೆಯ ನೀರು ಹಿತವಾಗಿತ್ತೋ ಏನೋ, ಹೋಗುವುದೇ ರೂಢಿಯಾಯಿತು. ಮೀನು ಸಿಕ್ಕಿದ್ದು ಅಷ್ಟಕ್ಕಷ್ಟೇ. ಸಿಕ್ಕರೂ ಅರ್ಧಕ್ಕರ್ಧ ಮತ್ತೆ ನೀರಿಗೇ. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಉದ್ದನೆಯ ಕೋಲನ್ನು ಓರೆಯಾಗಿ ಒಳಗೆ ತಂದು, "ರೀ, ಸ್ವಲ್ಪ ಹಿಡ್ಕೊಳ್ಳಿ," ಎನ್ನುತ್ತಿದ್ದಳು.

ಟಿಕೆಟಯ್ಯ ನಿಟ್ಟುಸಿರು ಬಿಟ್ಟು ಪತ್ರಿಕೆಯನ್ನು ಮಡಚುತ್ತಿದ್ದರು. ಕೋಲನ್ನು ನಡುವೆ ಅಡ್ಡಲಾಗಿ ಹಿಡಿದು ಇಬ್ಬರೂ ಎದುರುಬದುರು ನಿಲ್ಲಬೇಕು. ಅವಳ ಒಂದು ಕೈ ದಪ್ಪ ತುಂಡಿನ ಮೇಲೆ, ಇನ್ನೊಂದು ಸಪೂರ ತುಂಡಿನ ಮೇಲೆ. ಅವರದೂ ಹಾಗೆಯೇ, ಅವಳ ಕೈಗಳಿಗೆ ಅಂಟಿಕೊಂಡು. ಒಬ್ಬರು ಒಂದು ತುದಿ, ಇನ್ನೊಬ್ಬರು ಇನ್ನೊಂದು ತುದಿ ಹಿಡಿದು ಹಗ್ಗ ಜಗ್ಗಾಟ ಆಡಿದರೆ ಬಿಟ್ಟ ಕೂಡಲೇ ಇಬ್ಬರೂ ಹಿಂದಕ್ಕೆ ಬೀಳುತ್ತಾರೆ, ಕೋಲೂ ಮುರಿಯುತ್ತದೆ. ಹೀಗೆ ಹಿಡಿದರೆ ಎಳೆತ ಎರಡೂ ಕಡೆ ಸಮ. ಒಂದು, ಎರಡು ಎಂದು ಅವಳು ಎಣಿಸುತ್ತಿದ್ದಳು. ಟಪ್ ಎಂದು ಬಿಟ್ಟುಕೊಳ್ಳುತ್ತಿತ್ತು. ಆಮೇಲೆ ಅವಳು ಹಿತ್ತಾಳೆಯ ತುದಿಯನ್ನು ಹಳೆಯ ಬಟ್ಟೆಯಿಂದ ಒರೆಸಿ, ಮೇಣದಬತ್ತಿಯ ಮೋಟನ್ನು ಸುತ್ತಲೂ ಸವರುತ್ತ, ಎಣ್ಣೆ ಯಾಕೆ ಹಚ್ಚಬಾರದು, ಮರಳು ಕೂತರೆ ಏನಾಗುತ್ತೆ, ಸಿಕ್ಕಿಕೊಂಡರೆ ಏನು ಮಾಡಬೇಕು ಎಂದೆಲ್ಲ ಹೇಳುತ್ತಿದ್ದಳು. ಅಷ್ಟರಲ್ಲಿ ಟಿಕೆಟಯ್ಯ ಪತ್ರಿಕೆಯ ಎರಡನೆಯ ಪುಟದಲ್ಲಿರುತ್ತಿದ್ದರು.

*

ಸಿಕ್ಕಿಕೊಂಡರೆ ಬಿಸಿ ಎಂದಿದ್ದಳೋ, ತಣ್ಣಗೆ ಎಂದಿದ್ದಳೋ?

ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ನೂರಾರು ಭಾನುವಾರ ಅವಳು ಹೇಳಿದ್ದು ಕಿವಿಯ ಪಕ್ಕದಲ್ಲೇ ಹಾದುಹೋಗಿತ್ತು. ಯಾವ ಬಸ್ಸಿನ ಯಾವ ಸೀಟಿನಲ್ಲಿ ಯಾರು ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದಿದ್ದರು ಎಂಬುದು ಬೇಕಾದರೆ ಇವತ್ತಿಗೂ ಹೇಳಿಯಾರು.

ಬಿಸಿಯೇ ಇರಬೇಕು, ಬಾಟಲಿಯ ಮುಚ್ಚಳ ಸಿಕ್ಕಿಕೊಂಡರೆ ಬಿಸಿನೀರು ತಾನೆ ಹಾಕುವುದು ಎಂದು ಭಾಮೈದ ಕೆಟಲಿನಲ್ಲಿ ನೀರು ಕಾಯಿಸಿ ತಂದು ಸುರಿದ. ಇಬ್ಬರೂ ಎಳೆದರು. ಬಿಡುವ ಮಾತಿರಲಿ, ಮೊದಲು ಇದ್ದ ಕೂದಲೆಳೆಯ ಅಲುಗಾಟವೂ ನಿಂತುಹೋಯಿತು. ಪಕ್ಕದ ಮನೆಯವರು ಎಣ್ಣೆ ತಂದರು. ಟಿಕೆಟಯ್ಯ ಬೇಡವೆಂದು ಹೇಳುವಷ್ಟರಲ್ಲಿ ಅದು ಬಿದ್ದೂ ಆಗಿತ್ತು. ಈಗ ಕೋಲು ಕೈಯಲ್ಲೂ ನಿಲ್ಲದೆ ಜಾರತೊಡಗಿತು. ಇನ್ನೊಬ್ಬರು ಇಕ್ಕಳ ತಂದರು. ಅದನ್ನು ಕಂಡದ್ದೇ ಟಿಕೆಟಯ್ಯ ಕೋಲನ್ನು ಎದೆಗವಚಿಕೊಂಡುಬಿಟ್ಟರು. ಎಲ್ಲರಿಗೂ ಸಹಾಯ ಮಾಡುವ ಮನಸ್ಸು, ಒಬ್ಬರಿಗೂ ಗೊತ್ತಿಲ್ಲ. ಯಾರ ಮೇಲೆ ಸಿಟ್ಟಾಗುವುದು? ಆದರೂ ಸಿಟ್ಟು ಬರುತ್ತಿತ್ತು.

ಹೊರಗೆ ಗಾಡಿ ಬಂದು ನಿಂತಿತು. ಡ್ರೈವರ್ ಇಳಿದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಮನೆಗೂ ಹೋಗಬೇಕಿದೆ, ತಪ್ಪು ತಿಳಿಯಬೇಡಿ ಎಂದು ಮೆಲ್ಲಗೆ ಹೇಳಿದ.

ಭಾಮೈದ ಹಿತ್ತಲಿಗೆ ಹೋಗಿ ಬಂದ. ಕೈಯಲ್ಲಿ ಗರಗಸವಿತ್ತು.

"ಭಾವ, ನನ್ನ ಮಾತು ಕೇಳಿ. ಆ ಹಿತ್ತಾಳೆ ಹತ್ತಿರ ಒಂದೇ ಒಂದು ಗೀಟು ಹಾಕಿದರೆ ಎರಡಾಗುತ್ತೆ. ಹೇಗಿದ್ದರೂ ಮಣ್ಣಿಗೆ ಹೋಗೋದು. ಅಕ್ಕ ಏನು ಅಲ್ಲಿ ಹೋಗಿ ಮೀನು ಹಿಡೀತಾಳಾ?"

"ಅದನ್ನ ಒಳಗಿಡು."

"ಹೊತ್ತಾಯ್ತು ಭಾವ."

"ಒಳಗಿಡು ಅಂದೆ."

ಬಸ್ಸಿನ ಎಂಜಿನ್ ಸದ್ದಿನ ಮೇಲೂ ಕೇಳುವಂತೆ ಪಳಗಿದ ಗಂಟಲು ಅದು. ಒಳಗೆ ಅಳುತ್ತಿದ್ದವರು ಸುಮ್ಮನಾದರು. ಭಾಮೈದ ಗರಗಸವನ್ನು ಮೆಟ್ಟಿಲ ಮೇಲೆ ಇಟ್ಟು, ಆದದ್ದಾಗಲಿ ಎಂಬಂತೆ ಅದರ ಪಕ್ಕದಲ್ಲೇ ಕೂತ.

*

ಕೊನೆಯ ಭಾನುವಾರವೂ ಅವಳು ಬಾಗಿಲಲ್ಲಿ ನಿಂತು ಅದನ್ನೇ ಕೇಳಿದ್ದಳು. "ರೀ, ಸ್ವಲ್ಪ ಹಿಡ್ಕೊಳ್ಳಿ."

ಆವತ್ತು ಟಿಕೆಟಯ್ಯನವರ ಮನಸ್ಸು ಸರಿಯಿರಲಿಲ್ಲ. ನಲ್ಲಿ ಸೋರುತ್ತಿತ್ತು, ಬರುತ್ತೇನೆಂದ ನಲ್ಲಿಯವನು ಬಂದಿರಲಿಲ್ಲ, ಕಾದು ಕಾದು ತಲೆ ಸಿಡಿಯುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, "ಆಮೇಲೆ. ಒಂದಲ್ಲ ಒಂದು ನಿನ್ನದು ಇದ್ದದ್ದೇ," ಎಂದುಬಿಟ್ಟರು.

ಅವಳು ಕೋಲನ್ನು ಬಾಗಿಲ ಹಿಂದೆ ನಿಲ್ಲಿಸಿ, ಕೈ ತೊಳೆದು, ಸೋರುವ ನಲ್ಲಿಯ ಕೆಳಗಿನ ಬಕೆಟ್ಟನ್ನು ಬದಲಾಯಿಸಿದಳು. ಊಟದ ಹೊತ್ತಿಗೆ ಎದೆಯಲ್ಲಿ ಏನೋ ಹಿಡಿದ ಹಾಗಾಗುತ್ತೆ ಎಂದಳು. ಬೆಳಗ್ಗೆ ಆಸ್ಪತ್ರೆ. ಮತ್ತೆ ಅವಳು ಈ ಮನೆಗೆ ಬಂದದ್ದು ನಿನ್ನೆ, ನಾಲ್ಕು ಜನರ ಕೈಮೇಲೆ.

ಅವಳು ಆಸ್ಪತ್ರೆಯಲ್ಲಿದ್ದ ಅಷ್ಟು ವಾರವೂ ಕೋಲು ಬಾಗಿಲ ಹಿಂದೆ ಹಾಗೆಯೇ ನಿಂತಿತ್ತು. ಕೆರೆಯ ಪಸೆ ಒಳಗೇ ಒಣಗಿ, ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿತ್ತು. ಆಸ್ಪತ್ರೆಗೆ ಹೋಗುವಾಗ, ಬರುವಾಗ, ಬಾಗಿಲು ಹಾಕುವಾಗಲೆಲ್ಲ ಅದು ಅವರ ಭುಜಕ್ಕೆ ತಾಗುತ್ತಿತ್ತು. ಅವಳು ಮನೆಗೆ ಬರಲಿ, ಇಬ್ಬರೂ ಸೇರಿ ಬಿಚ್ಚಿದರಾಯಿತು ಎಂದುಕೊಂಡಿದ್ದರು.

*

ಜೋಡಿ ಬಂದದ್ದು ಆಗ. ದೂರದ ಊರಿನ ಮಗನ ಮನೆಯಲ್ಲಿದ್ದಳಂತೆ. ಸುದ್ದಿ ತಿಳಿದು ಸಿಕ್ಕಿದ ಬಸ್ಸು ಹತ್ತಿ ಬಂದಿದ್ದಳು. ಗುಂಡಗಿನ, ಕುಳ್ಳಗಿನ ಹೆಂಗಸು. ಮೊದಲು ಒಳಗೆ ಹೋಗಿ ಗೆಳತಿಯ ಕಾಲ ಬಳಿ ಕೂತಳು. ಜೋರಾಗಿ ಅಳಲಿಲ್ಲ. ದುಪ್ಪಟ್ಟಿಯ ಅಂಚು ಒಂದು ಕಡೆ ಸುಕ್ಕಾಗಿತ್ತು. ಅದನ್ನು ಅಂಗೈಯಿಂದ ಸವರಿ ಸವರಿ ನೇರ ಮಾಡಿದಳು. ಆಮೇಲೆ ಜಗಲಿಗೆ ಬಂದು, ಕೋಲನ್ನೂ ಗರಗಸವನ್ನೂ ಎಣ್ಣೆ ಮೆತ್ತಿದ ಟಿಕೆಟಯ್ಯನವರ ಅಂಗಿಯನ್ನೂ ನೋಡಿದಳು.

"ಇದೇನು ಭಾವ?"

ಪೆಟ್ಟಿಗೆಗೆ ಹಿಡಿಸುತ್ತಿಲ್ಲವೆಂದೂ, ತಾವು ಮಾತು ಕೊಟ್ಟದ್ದನ್ನೂ, ಬೆಳಗಿನಿಂದ ಪಟ್ಟ ಪಾಡನ್ನೂ ಟಿಕೆಟಯ್ಯ ಹೇಳಿದರು. ಜೋಡಿ ಅಚ್ಚರಿಯಿಂದ ಹುಬ್ಬೇರಿಸಿದಳು.

"ಇದಕ್ಕಾ ಇಷ್ಟು ಜನ? ಅವಳು ಒಬ್ಬಳೇ ಬಿಚ್ಚುತ್ತಿದ್ದಳಲ್ಲ."

"ಒಬ್ಬಳೇ ಎಲ್ಲಿ? ನಾನು ಹಿಡೀಬೇಕಾಗಿತ್ತು."

"ಅಯ್ಯೋ, ಒಬ್ಬಳೇ ಭಾವ. ಕೆರೆ ದಂಡೆಯಲ್ಲಿ ಹೀಗೆ ಬಗ್ಗಿ, ಕೋಲನ್ನ ಮಂಡಿ ಹಿಂದೆ ಅಡ್ಡ ಇಟ್ಟುಕೊಂಡು, ಎರಡು ಕೈಯಲ್ಲಿ ಎರಡು ಕಡೆ ಹಿಡಿದು, ಮಂಡಿಯಿಂದ ಕೈನ ಹೊರಕ್ಕೆ ತಳ್ಳಿದಳು ಅಂದರೆ ಆಯ್ತು, ಟಪ್. ನಾನು ಚೀಲದ ಬಾಯಿ ಬಿಚ್ಚುವಷ್ಟರಲ್ಲಿ ಅವಳದು ಮುಗಿದಿರುತ್ತಿತ್ತು."

ಟಿಕೆಟಯ್ಯ ತಲೆಯಾಡಿಸಿದರು. ಇವಳಿಗೆ ದುಃಖದಲ್ಲಿ ನೆನಪು ಕಲಸಿದೆ ಎಂದುಕೊಂಡರು. "ಮನೆಗೆ ತರುತ್ತಿದ್ದದ್ದು ಹೀಗೇ ಉದ್ದಕ್ಕೆ. ಪ್ರತಿ ವಾರ ನಾನೇ ಕಂಡಿದ್ದೇನೆ."

"ಉದ್ದಕ್ಕೆ ಇಟ್ಟುಕೊಂಡು ಬಸ್ ಹತ್ತೋಕೆ ಆಗುತ್ತಾ ಭಾವ? ನೀವೇ ಇಳಿಸ್ತಿದ್ದಿರಿ."

ಮೆಟ್ಟಿಲ ಮೇಲಿದ್ದ ಭಾಮೈದ ಬೇಡವೆಂದರೂ ನಕ್ಕುಬಿಟ್ಟ. ಟಿಕೆಟಯ್ಯ ನಗಲಿಲ್ಲ. ನಿಜವೇ. ಪರದೆಯ ಸಲಾಕೆ ಹಿಡಿದು ಹತ್ತಿದ ಮದುಮಗನೊಬ್ಬನನ್ನು ನಡುದಾರಿಯಲ್ಲಿ ಇಳಿಸಿದವರು ಅವರು. ಆಳೆತ್ತರ ಮೀರಿದ ಸಾಮಾನು ಬಸ್ಸಿನೊಳಗೆ ಕೂಡದು ಎಂಬ ನಿಯಮ ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು. ಕೆರೆಯಿಂದ ಮನೆಗೆ ಇದ್ದದ್ದು ಅದೇ ಬಸ್ಸು. ಎಲ್ಲರ ಕೈ ನೋಡಿದವರು, ಹೆಂಡತಿಯ ಕೈಯಲ್ಲಿದ್ದ ಕೋಲು ಆ ಬಸ್ಸಿನಲ್ಲಿ ಹೇಗೆ ಬಂತು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

"ಹಾಗಾದರೆ ಬಾಗಿಲಿಗೆ ಬರುವಾಗ..." ಎಂದರು.

"ನಿಮ್ಮ ಗೇಟಿನ ಹತ್ತಿರ ನಿಂತು ಸೇರಿಸುತ್ತಿದ್ದಳು. ನಾನು ಒಂದ್ಸಲ ಕೇಳಿದೆ, ಮನೆ ಬಂದ ಮೇಲೆ ಯಾಕೇ ಸೇರಿಸ್ತೀಯಾ ಅಂತ." ಜೋಡಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮನೇಲಿ ಬಿಚ್ಚೋಕೆ, ಅಂದಳು. ಹುಚ್ಚಿ ಅಂತ ಬೈದು ನಾನು ನಮ್ಮ ಬೀದಿಗೆ ತಿರುಗಿದೆ."

ಟಿಕೆಟಯ್ಯ ಗೇಟಿನ ಕಡೆ ನೋಡಿದರು. ಗಾಡಿಯ ಡ್ರೈವರ್ ಅಲ್ಲಿ ನೆರಳಿಗೆ ನಿಂತಿದ್ದ. ಜೋಡಿ ಅವರ ಮುಖ ನೋಡಿ, ಏನೋ ಹೇಳಬಾರದ್ದು ಹೇಳಿದೆನೇ ಎಂದು ಅಳುಕಿ, ಕೋಲನ್ನು ತೆಗೆದುಕೊಂಡು ಮಂಡಿಯ ಹಿಂದೆ ಇಟ್ಟು ತಾನೇ ಪ್ರಯತ್ನಿಸಿದಳು. ಬರಲಿಲ್ಲ. ಹಿತ್ತಾಳೆಯನ್ನು ಮುಟ್ಟಿ ನೋಡಿ, ಇದಕ್ಕೆ ಬಿಸಿ ತೋರಿಸಿದವರು ಯಾರು ಎಂದು ಕೇಳಿದಳು. ಭಾಮೈದ ಬೇರೆಲ್ಲೋ ನೋಡಿದ.

"ಬಿಸಿಗೆ ಒಳಗಿನದೂ ಊದುತ್ತೆ. ಮೊದಲು ಚೆನ್ನಾಗಿ ತಣ್ಣಗಾಗಬೇಕು, ಒಳಗಿನದು ಮುದುರಿಕೊಳ್ಳಲಿ. ಆಮೇಲೆ ಹೊರಗಿನ ಕೊಳವೆಗೆ ಮಾತ್ರ ಅಂಗೈ ಕಾವು ಕೊಡೋದು. ಇಷ್ಟೇ ಅವಳು ಹೇಳುತ್ತಿದ್ದದ್ದು."

ತಣ್ಣಗೆ. ಈಗ ಹೆಂಡತಿಯ ದನಿಯಲ್ಲೇ ನೆನಪಾಯಿತು.

ಟಿಕೆಟಯ್ಯ ಕೋಲು ಹಿಡಿದುಕೊಂಡು ಬೆಳಗಿನಿಂದ ಮೊದಲ ಸಲ ನಡುಮನೆಗೆ ಹೋದರು. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು. ಮಗಳು ಜಾಗ ಬಿಟ್ಟಳು. ಅವರು ಎಣ್ಣೆ ಕೈಯನ್ನು ಅಂಗಿಗೆ ಒರೆಸಿಕೊಂಡು, ದುಪ್ಪಟ್ಟಿಯ ಅಂಚನ್ನು ಸರಿಸಿ, ಅವಳ ಕಾಲ ಬಳಿಯಿಂದ ಒಂದು ಐಸಿನ ಪೊಟ್ಟಣವನ್ನು ಎತ್ತಿಕೊಂಡರು.

"ಇದೊಂದು ತಗೋತೀನಿ," ಎಂದರು ಅವಳಿಗೆ. "ಈಗಲೇ ಕೊಡ್ತೀನಿ."

ಹಿತ್ತಾಳೆಯ ಸುತ್ತ ಪೊಟ್ಟಣವನ್ನು ಸುತ್ತಿ ಅಲ್ಲೇ ಮಡಿಲಲ್ಲಿಟ್ಟುಕೊಂಡರು. ಅಪ್ಪ ಒಳಗೆ ಬಂದು ಕೂರಲಿ ಎಂದು ಬೆಳಗಿನಿಂದ ಹಂಬಲಿಸಿದ ಮಗಳು, ಕೂತದ್ದು ಹೀಗಾಯಿತಲ್ಲ ಎಂದು ಮೊದಲು ಮುಖ ಸಿಂಡರಿಸಿದಳು. ಆಮೇಲೆ ಅಪ್ಪನ ಬೆರಳುಗಳು ಐಸಿಗೆ ಬಿಳಿಚಿಕೊಂಡದ್ದನ್ನು ಕಂಡು, ಬಟ್ಟೆಯೊಂದನ್ನು ತಂದು ಅವರ ಕೈಗೂ ಪೊಟ್ಟಣಕ್ಕೂ ನಡುವೆ ತುರುಕಿದಳು. ಹೊರಗೆ ಡ್ರೈವರ್ ಮತ್ತೆ ಕೆಮ್ಮಿದ. ಭಾಮೈದ ಅವನಿಗೆ ಚಹಾ ಕೊಡಲು ಎದ್ದದ್ದು ಕೇಳಿಸಿತು.

"ಬಾ, ಹಿಡ್ಕೋ," ಎಂದರು ಟಿಕೆಟಯ್ಯ ಮಗಳಿಗೆ, ಪೊಟ್ಟಣ ತೆಗೆದಿಟ್ಟು ಎದ್ದು ನಿಂತು. "ಎದುರು ನಿಲ್ಲು. ಒಂದು ಕೈ ಇಲ್ಲಿ. ಇನ್ನೊಂದು ಆ ತುಂಡಿಗೆ. ನನ್ನ ಕೈಗೆ ಅಂಟಿಸಿ ಹಿಡಿ, ದೂರ ಬೇಡ."

"ಹೀಗಾ?"

"ಹೂಂ. ನಿಮ್ಮಮ್ಮ ಹೀಗೇ ಹಿಡೀತಿದ್ದಳು."

ಕೊಳವೆಯನ್ನು ಅವರು ಅಂಗೈಯಲ್ಲಿ ಮುಚ್ಚಿ ಕಾವು ಕೊಟ್ಟರು. ತಣ್ಣಗಾದ ಅಂಗೈ, ಕಾವು ಬರಲು ಹೊತ್ತು ಹಿಡಿಯಿತು. ಮಗಳು ತನ್ನ ಅಂಗೈಯನ್ನೂ ಅದರ ಮೇಲಿಟ್ಟಳು. ಆಮೇಲೆ ಇಬ್ಬರೂ ಕೈಗಳನ್ನು ಜಾಗಕ್ಕೆ ತಂದರು. ಎಣಿಸುವವರು ಯಾರೆಂದು ಒಂದು ಗಳಿಗೆ ಗೊತ್ತಾಗಲಿಲ್ಲ. ಜೋಡಿಯೇ ಬಾಗಿಲಿಂದ ಎಣಿಸಿದಳು. ಮೊದಲ ಸಲ ಬರಲಿಲ್ಲ. ಎರಡನೆಯ ಸಲವೂ ಇಲ್ಲ. ಮಗಳ ಕಣ್ಣಲ್ಲಿ ಸಿಟ್ಟಿನ ನೀರು ಬಂತು. ಮೂರನೆಯ ಸಲ ಒಳಗೆಲ್ಲೋ ಕಿರ್ ಎಂದು, ಟಪ್ ಎಂದಿತು.

ಇಬ್ಬರ ಕೈಗಳೂ ಕೋಲಿನ ಎರಡೂ ತುಂಡುಗಳ ಮೇಲೆ ಹಾಗೆಯೇ ಉಳಿದವು. ಯಾರೂ ಬೀಳಲಿಲ್ಲ.

ಟಿಕೆಟಯ್ಯ ಕಿಟಕಿಯ ಗೂಡಿನಿಂದ ಮೇಣದಬತ್ತಿಯ ಮೋಟು ತಂದರು. ಹಿತ್ತಾಳೆಯ ತುದಿಯ ಕಿಲುಬನ್ನೂ ಎಣ್ಣೆಯನ್ನೂ ಬಟ್ಟೆಯಿಂದ ಒರೆಸಿ, ಸುತ್ತಲೂ ಮೇಣ ಸವರತೊಡಗಿದರು.

"ಇನ್ನು ಅದಕ್ಕೆ ಮೇಣ ಯಾಕೆ ಭಾವ?" ಎಂದ ಭಾಮೈದ. ದನಿಯಲ್ಲಿ ಮೊದಲಿನ ಬಿರುಸಿರಲಿಲ್ಲ.

ಅವರು ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಬಿಟ್ಟುಹೋದ ಕಡೆ ಇನ್ನೊಮ್ಮೆ ಸವರಿದರು. ಐಸಿನ ಪೊಟ್ಟಣವನ್ನು ಇದ್ದ ಜಾಗಕ್ಕೆ ಇಟ್ಟರು.

ಅವಳನ್ನು ಎತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದರು. ಕೋಲಿನ ತುಂಡುಗಳು ಅವಳ ಬಲಗೈಯ ಪಕ್ಕಕ್ಕೆ ಒಂದಕ್ಕೊಂದು ತಾಗಿ ಕೂತವು. ಬಡಗಿ ಸೇರಿಸಿದ್ದ ಗೇಣೂ ಬೇಕಾಗಲಿಲ್ಲ. ಮುಚ್ಚಳ ಬಿತ್ತು. ನಾಲ್ಕು ಜನ ಹೆಗಲು ಕೊಟ್ಟು ಗಾಡಿಯ ಕಡೆ ನಡೆದರು. ಹಿಂದೆಯೇ ಎಲ್ಲರೂ ಹೊರಟರು.

ನಡುಮನೆಯಲ್ಲಿ ಅವಳಿಗೆ ಹೊದಿಸಿದ್ದ ಬಿಳಿಯ ದುಪ್ಪಟ್ಟಿ ನೆಲದ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಜೋಡಿ ಹೊಸ್ತಿಲವರೆಗೆ ಹೋದವಳು ತಿರುಗಿ ಬಂದಳು. ಬಗ್ಗಿ ಅದರ ಎರಡು ಮೂಲೆಗಳನ್ನು ಹುಡುಕಿ ಹಿಡಿದು, ಫಟ್ ಎಂದು ಒಮ್ಮೆ ಕೊಡವಿ, ತೋಳು ಚಾಚಿ ನಿಂತಳು. ದುಪ್ಪಟ್ಟಿಯ ಆ ಕಡೆಯ ಅಂಚು ಹರಡಿಕೊಂಡು ನೆಲಕ್ಕೆ ಇಳಿಯಿತು. ಅವಳು ಎದುರಿಗೆ ನೋಡುತ್ತ ಹಾಗೇ ನಿಂತಿದ್ದಳು, ತಾನು ಯಾರಿಗಾಗಿ ಕಾಯುತ್ತಿದ್ದೇನೆ ಎಂಬುದು ಆಮೇಲೆ ಹೊಳೆದವಳಂತೆ.

"ಬಟ್ಟೆ ಮಡಿಸೋ ಹೊತ್ತಾ ಇದು?" ಗೇಟಿನಿಂದ ಭಾಮೈದ ಕೂಗಿದ. "ಗಾಡಿ ಹೊರಡುತ್ತೆ, ಬನ್ನಿ ಭಾವ!"

ಟಿಕೆಟಯ್ಯ ಚಪ್ಪಲಿ ಮೆಟ್ಟಿ ಬಾಗಿಲಲ್ಲಿದ್ದರು. ಚಪ್ಪಲಿ ಬಿಟ್ಟು ಒಳಗೆ ಬಂದರು. ಮಂಡಿ ಹಿಡಿದು ಬಗ್ಗಿ, ನೆಲದಲ್ಲಿದ್ದ ಎರಡು ಮೂಲೆಗಳನ್ನು ಎತ್ತಿಕೊಂಡರು. ಅವರಿಗೆ ದುಪ್ಪಟ್ಟಿ ಮಡಿಸಲು ಬರುತ್ತಿರಲಿಲ್ಲ. ಜೋಡಿ ತನ್ನ ಮೂಲೆಗಳನ್ನು ಒಂದಕ್ಕೊಂದು ಸೇರಿಸಿದಳು. ನೋಡಿಕೊಂಡು ಅವರೂ ಸೇರಿಸಿದರು. ಬಿಗಿ ಹಿಡಿದು ಎಳೆದಳು, ಅವರೂ ಎಳೆದರು. ಆಮೇಲೆ ಅವಳು ತಲೆಯಾಡಿಸಿ ಕರೆದಳು. ಟಿಕೆಟಯ್ಯ ಅಂಚು ನೆಲಕ್ಕೆ ತಾಗದಂತೆ ಎತ್ತರಕ್ಕೆ ಹಿಡಿದುಕೊಂಡು, ಅವಳ ಚಾಚಿದ ಕೈಗಳ ಕಡೆಗೆ ಹೆಜ್ಜೆ ಇಟ್ಟರು.